ಗುರಿ ಮುಟ್ಟುವ ಮೆಲುಮಾತು

ಚೀನೀ ಭಾಷೆಯಲ್ಲಿ ‘ತಾನ್ ಯಾನ್ ವೇಯ್ ಝೋಂಗ್’ ಎಂಬ ನಾಲ್ಕಕ್ಷರದ ನುಡಿಗಟ್ಟಿದೆ. ಮೊದಲೆರಡು ಅಕ್ಷರಗಳಿಗೆ ಮಾತು, ನುಡಿ ಎಂದರ್ಥ, ಮೂರನೆಯದು ಸೂಕ್ಷ್ಮ. ನಾಲ್ಕನೆಯದನ್ನು ಸಮಸ್ವರದಲ್ಲಿ ಉಚ್ಚರಿಸಿದರೆ ‘ನಡು’, ಇಳಿಸ್ವರದಲ್ಲಿ ಉಚ್ಚರಿಸಿದರೆ ‘ಗುರಿಗೆ ತಾಗು’. ಇಲ್ಲಿರುವುದು ಇಳಿಸ್ವರ. ನೇರವಾಗಿ ಚುಚ್ಚದೆ, ಸೂಚ್ಯವಾಗಿ ಆಡಿದ ಮಾತು ವಿಷಯದ ಮರ್ಮಕ್ಕೇ ತಾಗುವುದನ್ನು ಈ ನುಡಿಗಟ್ಟು ಹೇಳುತ್ತದೆ.

ಇದರ ಮೂಲ, ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯಾನ್ ಬರೆದ 130 ಅಧ್ಯಾಯಗಳ ‘ಶಿಜಿ’. ಅದರ 126ನೇ ಅಧ್ಯಾಯ ಆಸ್ಥಾನ ವಿದೂಷಕರದು. ಆರು ಶಾಸ್ತ್ರಗ್ರಂಥಗಳು ರಾಜ್ಯಭಾರಕ್ಕೆ ಹೇಗೆ ಒದಗುತ್ತವೆಂಬ ಕನ್‌ಫ್ಯೂಷಿಯಸ್‌ನ ಮಾತಿನೊಂದಿಗೆ ಅಧ್ಯಾಯ ತೊಡಗುತ್ತದೆ. ಅದರ ಬೆನ್ನಿಗೇ, ಸೂಚ್ಯವಾದ ಮಾತೂ ಸಿಕ್ಕು ಬಿಡಿಸಬಲ್ಲದೆಂದು ಸಿಮಾ ಚಿಯಾನ್ ಸೇರಿಸುತ್ತಾನೆ. ಶಾಸ್ತ್ರಗಳ ಪಕ್ಕದಲ್ಲಿ ವಿದೂಷಕನಿಗೆ ಮಣೆ ಹಾಕಿದ್ದು ಸಣ್ಣ ಸಂಗತಿಯಲ್ಲ.

ಅಲ್ಲಿನ ಕಥೆಗಳಲ್ಲಿ ಸೊಗಸಾದದ್ದು ಕುದುರೆಯದು. ಚು ರಾಜ್ಯದ ದೊರೆ ಝುವಾಂಗ್ (ಆಳ್ವಿಕೆ ಕ್ರಿ.ಪೂ. 613–591) ತನ್ನ ಮೆಚ್ಚಿನ ಕುದುರೆಗೆ ಕಸೂತಿಯ ಬಟ್ಟೆ ತೊಡಿಸಿ, ಒಣಖರ್ಜೂರದಂಥ ಹಣ್ಣು ತಿನ್ನಿಸಿ ಸಾಕಿದ್ದ. ಅದು ಕೊಬ್ಬು ಬೆಳೆದು ಸತ್ತಿತು. ಉನ್ನತಾಧಿಕಾರಿಗೆ ಸಲ್ಲುವ ಮರ್ಯಾದೆಯಲ್ಲೇ ಅದನ್ನು ಹೂಳಬೇಕು, ಎದುರಾಡಿದವರಿಗೆ ಮರಣದಂಡನೆ ಎಂದು ಆಜ್ಞೆ ಹೊರಟಿತು. ವಿದೂಷಕ ಮೆಂಗ್ ಗೋಳಾಡುತ್ತಾ ಒಳಬಂದ. ಇಷ್ಟು ದೊಡ್ಡ ರಾಜ್ಯದಲ್ಲಿ ಇದು ತೀರಾ ಕಡಿಮೆಯಾಯಿತು, ಅರಸನಿಗೆ ತಕ್ಕ ಸಂಸ್ಕಾರವೇ ಆಗಲಿ, ಕೆತ್ತಿದ ಜೇಡ್ ಕಲ್ಲಿನ ಶವಪೆಟ್ಟಿಗೆ ಬರಲಿ, ಮುದುಕರೂ ಮಣ್ಣು ಹೊರಲಿ, ಗುಡಿಯೂ ಏಳಲಿ ಎಂದ. ಆಗ ಈ ದೊರೆಗೆ ಮನುಷ್ಯರಿಗಿಂತ ಕುದುರೆಯೇ ಮೇಲೆಂದು ಎಲ್ಲ ಅರಸರಿಗೂ ತಿಳಿಯುತ್ತದೆ ಎಂದೂ ಸೇರಿಸಿದ. ದೊರೆ ತನ್ನ ತಪ್ಪು ಕಂಡುಕೊಂಡು, ಕುದುರೆಯನ್ನು ಅಡುಗೆಮನೆಯವರಿಗೆ ಒಪ್ಪಿಸಿದ. ಮೆರವಣಿಗೆಗೆ ಝಾವ್, ಹಾನ್, ವೇಯ್ ರಾಜ್ಯದವರೂ ಬರಲೆಂದು ಕಥೆಯ ಮೆಂಗ್ ಹೇಳುತ್ತಾನೆ. ಆದರೆ ಆ ರಾಜ್ಯಗಳು ಹುಟ್ಟಿದ್ದು ಝುವಾಂಗ್‌ನ ಎಷ್ಟೋ ತಲೆಮಾರುಗಳ ಬಳಿಕ. ಕಥೆ ಬಾಯಿಂದ ಬಾಯಿಗೆ ಬೆಳೆದು ಬಂದದ್ದಕ್ಕೆ ಇದೇ ಗುರುತು.

ಇನ್ನೊಬ್ಬ ವಿದೂಷಕ ಝಾನ್. ಚಿನ್ ವಂಶದ ಎರಡನೆಯ ಚಕ್ರವರ್ತಿ ನಗರದ ಕೋಟೆಗೋಡೆಗೆಲ್ಲ ಅರಗಿನ ಮೆರುಗು ಬಳಿಸಲು ಹೊರಟಾಗ, ಶತ್ರು ಹತ್ತಲಾಗದೆ ಜಾರುತ್ತಾನೆಂದು ಝಾನ್ ಹೊಗಳಿದ. ಆದರೆ ಆ ಮೆರುಗು ಒಣಗಲು ನೆರಳಿನ ಕೋಣೆ ಬೇಕು; ಗೋಡೆಗೆ ಸಾಲುವಷ್ಟು ದೊಡ್ಡ ಕೋಣೆ ಕಟ್ಟುವುದೇ ಕಷ್ಟ ಎಂದ. ಚಕ್ರವರ್ತಿ ನಕ್ಕು ಕೈಬಿಟ್ಟ.

ಇದನ್ನೆಲ್ಲ ಬರೆದವನಿಗೆ ನೇರ ಮಾತಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಕ್ರಿ.ಪೂ. 99ರಲ್ಲಿ ಶ್ಯೊಂಗ್‌ನು ಎಂಬ ಶತ್ರುಜನಾಂಗದ ಪಡೆಗೆ ಶರಣಾದ ಸೇನಾನಿ ಲಿ ಲಿಂಗ್‌ನನ್ನು ಆಸ್ಥಾನವೆಲ್ಲ ಹಳಿಯುತ್ತಿದ್ದಾಗ, ಸಿಮಾ ಚಿಯಾನ್ ಅವನ ಪರವಾಗಿ ಚಕ್ರವರ್ತಿ ವು ಎದುರು ಬಿಚ್ಚುಮಾತಿನಲ್ಲಿ ವಾದಿಸಿದ. ಅದಕ್ಕೆ ಸಿಕ್ಕಿದ್ದು ಸೆರೆಮನೆ, ಬೀಜ ಒಡೆಸುವ ಶಿಕ್ಷೆ. ವಿದೂಷಕರ ಅಧ್ಯಾಯವಿರುವ ಗ್ರಂಥವನ್ನು ಅವನು ಮುಗಿಸಿದ್ದು ಆ ಶಿಕ್ಷೆಯ ನಂತರ.