ಒಲೆ ಕಾಣದ ಸಿಹಿ: ಮನೆಯ ಐಸಿಂಗ್ ಎಷ್ಟು ಸುರಕ್ಷಿತ?

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಕುಸ್ವಾರಿನ ಸಡಗರ. ಕಿಡಿಯೊ, ನೆವ್ರಿ, ತುಕ್ಡಿ, ಗುಳಿಯೊ, ಚಕ್ಕುಲಿ ಎಂದು ಹತ್ತಾರು ಬಗೆಯ ತಿಂಡಿಗಳು ಡಬ್ಬಿ ತುಂಬುತ್ತವೆ. ಈ ಪಟ್ಟಿಗೆ ಕೆಲವು ವರ್ಷಗಳಿಂದ ಹೊಸದೊಂದು ಸೇರಿದೆ. ನಕ್ಷತ್ರ, ಗಂಟೆ, ಕ್ರಿಸ್ಮಸ್ ಮರಗಳ ಆಕಾರದಲ್ಲಿ ಕತ್ತರಿಸಿ ಬೇಯಿಸಿದ ಸಕ್ಕರೆ ಕುಕೀಸ್, ಅದರ ಮೇಲೆ ಬಣ್ಣಬಣ್ಣದ ಐಸಿಂಗ್. ಪಾಶ್ಚಾತ್ಯರ ಅಡುಗೆಮನೆಯಿಂದ ಬಂದ ಈ ಪದ್ಧತಿ ಈಗ ಕ್ರೈಸ್ತರ ಮನೆಗಳಿಗಷ್ಟೇ ಸೀಮಿತವಾಗಿಲ್ಲ. ಓವನ್ ಇರುವ ಮನೆ, ರಜೆಯಲ್ಲಿರುವ ಮಕ್ಕಳು ಇಷ್ಟಿದ್ದರೆ ಸಾಕು.

ಮಕ್ಕಳು ಟಿ.ವಿ. ಬಿಟ್ಟು ಅಮ್ಮನ ಜೊತೆ ಅಡುಗೆಮನೆಯಲ್ಲಿ ಕುಳಿತು ಬಿಸ್ಕತ್ತಿನ ಮೇಲೆ ಚಿತ್ರ ಬಿಡಿಸುವುದು ಸಂತೋಷದ ವಿಷಯ. ಅದನ್ನು ಬೇಡ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಆದರೆ ಐಸಿಂಗಿನ ಒಂದು ಗುಣವನ್ನು ತಾಯಂದಿರು ತಿಳಿದಿರಬೇಕು. ಕುಕೀಸ್ ಓವನ್ನಿನಲ್ಲಿ 170-180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುತ್ತದೆ. ಐಸಿಂಗ್ ಬೇಯುವುದಿಲ್ಲ. ಹಸಿಯಾಗಿ ಕಲಸಿ, ಹಸಿಯಾಗಿ ಹಚ್ಚಿ, ಗಾಳಿಗೆ ಒಣಗಿಸಿ ತಿನ್ನುತ್ತೇವೆ. ಆದ್ದರಿಂದ ಅದರೊಳಗೆ ಏನು ಸೇರಿತೋ ಅದೆಲ್ಲ ನೇರವಾಗಿ ಮಗುವಿನ ಹೊಟ್ಟೆ ಸೇರುತ್ತದೆ.

ನಮ್ಮ ಹಳೆಯ ತಿಂಡಿಗಳನ್ನು ನೋಡಿ. ಕಿಡಿಯೊ, ತುಕ್ಡಿಗಳ ಮೇಲಿನ ಬಿಳಿ ಸಕ್ಕರೆಯ ಹೊದಿಕೆಯೂ ಒಂದು ಬಗೆಯ ಐಸಿಂಗೇ. ಬಾದುಷಾ ಮೇಲಿನ ಹೊದಿಕೆ, ಸಂಕ್ರಾಂತಿಯ ಸಕ್ಕರೆ ಅಚ್ಚು ಕೂಡ ಇದೇ ಜಾತಿಯವು. ಇವೆಲ್ಲಕ್ಕೂ ಪಾಕವನ್ನು ಒಲೆಯ ಮೇಲೆ ಕುದಿಸಬೇಕು. ಕುದಿಯುವ ಪಾಕದಲ್ಲಿ ರೋಗಾಣು ಉಳಿಯದು. ಹೊಸ ಐಸಿಂಗಿನಲ್ಲಿ ಬೆಂಕಿಯ ಈ ಕಾವಲು ಇಲ್ಲ. ಆ ಕಾವಲನ್ನು ನಾವೇ ಬೇರೆ ರೀತಿಯಲ್ಲಿ ಒದಗಿಸಿಕೊಳ್ಳಬೇಕು.

ಹಸಿ ಮೊಟ್ಟೆಯ ಅಪಾಯ

‘ರಾಯಲ್ ಐಸಿಂಗ್’ ಎಂಬ ಹೆಸರಿನ ಸಾಂಪ್ರದಾಯಿಕ ವಿಧಾನದಲ್ಲಿ ಸಕ್ಕರೆ ಪುಡಿಯನ್ನು ಹಸಿ ಮೊಟ್ಟೆಯ ಬಿಳಿ ಲೋಳೆಯೊಂದಿಗೆ ನೊರೆ ಬರುವಂತೆ ಕಡೆಯುತ್ತಾರೆ. ಒಣಗಿದ ಮೇಲೆ ಇದು ಗಟ್ಟಿಯಾಗಿ, ಹೊಳಪಾಗಿ ನಿಲ್ಲುತ್ತದೆ. ತೊಂದರೆ ಇರುವುದು ಸಾಲ್ಮೊನೆಲ್ಲಾ ಎಂಬ ರೋಗಾಣುವಿನಲ್ಲಿ. ಇದು ಕೋಳಿಯ ಹಿಕ್ಕೆಯಿಂದ ಮೊಟ್ಟೆಯ ಚಿಪ್ಪಿಗೆ ಅಂಟಿರಬಹುದು. ಇದರ ಒಂದು ಬಗೆಯಂತೂ ಕೋಳಿಯ ಅಂಡಾಶಯದಲ್ಲೇ ಇದ್ದು, ಚಿಪ್ಪು ಮೂಡುವ ಮೊದಲೇ ಮೊಟ್ಟೆಯೊಳಗೆ ಸೇರಿಕೊಳ್ಳಬಲ್ಲದು. ಆದ್ದರಿಂದ ‘ಮೊಟ್ಟೆಯನ್ನು ಚೆನ್ನಾಗಿ ತೊಳೆದೇ ಒಡೆದೆ ಡಾಕ್ಟರೇ’ ಎಂದರೆ ಭಯ ಪೂರ್ತಿ ಹೋಗುವುದಿಲ್ಲ.

‘ಇಷ್ಟೊಂದು ಸಕ್ಕರೆ, ನಿಂಬೆರಸ ಇರುವಾಗ ರೋಗಾಣು ಸಾಯುವುದಿಲ್ಲವೇ?’ ಎಂದು ಹಲವರು ಕೇಳುತ್ತಾರೆ. ಸಕ್ಕರೆ ಹೆಚ್ಚಿರುವಲ್ಲಿ ರೋಗಾಣುವಿಗೆ ನೀರು ಸಿಗದೆ ಅದು ವೃದ್ಧಿಯಾಗುವುದಿಲ್ಲ, ನಿಜ. ಆದರೆ ವೃದ್ಧಿಯಾಗದಿರುವುದು ಬೇರೆ, ಸಾಯುವುದು ಬೇರೆ. ಒಣ ಸಕ್ಕರೆಯ ನಡುವೆಯೂ ಅದು ಬದುಕಿ ಉಳಿಯಬಲ್ಲದು. ಕೆಲವು ಹನಿ ನಿಂಬೆರಸವನ್ನು ನಂಬಿ ಕೂರುವಂತಿಲ್ಲ.

ಬ್ರಿಟನ್ನಿನಲ್ಲಿ ಈ ವಿಷಯ ಸರ್ಕಾರವನ್ನೇ ಅಲ್ಲಾಡಿಸಿತ್ತು. 1988ರ ಡಿಸೆಂಬರ್‌ನಲ್ಲಿ ಅಲ್ಲಿನ ಆರೋಗ್ಯ ಖಾತೆಯ ಕಿರಿಯ ಸಚಿವೆ ಎಡ್ವಿನಾ ಕರಿ ಅವರು ದೇಶದ ಹೆಚ್ಚಿನ ಮೊಟ್ಟೆಗಳಲ್ಲಿ ಸಾಲ್ಮೊನೆಲ್ಲಾ ಇದೆ ಎಂಬರ್ಥದ ಹೇಳಿಕೆ ಕೊಟ್ಟರು. ಮೊಟ್ಟೆ ವ್ಯಾಪಾರ ಕುಸಿಯಿತು. ಎರಡು ವಾರಗಳೊಳಗೆ ಅವರು ರಾಜೀನಾಮೆ ಕೊಡಬೇಕಾಯಿತು. ಮುಂದೆ 1998ರಿಂದ ಅಲ್ಲಿ ಕೋಳಿಗಳಿಗೆ ಲಸಿಕೆ ಹಾಕಿ, ಮೊಟ್ಟೆಗೆ ಸಿಂಹದ ಮುದ್ರೆ ಒತ್ತುವ ಯೋಜನೆ ಬಂತು. 2017ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ, ಸಿಂಹಮುದ್ರೆಯ ಮೊಟ್ಟೆಗಳನ್ನು ಗರ್ಭಿಣಿಯರೂ ಮಕ್ಕಳೂ ಹಸಿಯಾಗಿ ತಿನ್ನಬಹುದು ಎಂದಿತು. ಬ್ರಿಟಿಷ್ ಅಡುಗೆ ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಹಸಿ ಮೊಟ್ಟೆಯನ್ನು ಧೈರ್ಯವಾಗಿ ಬಳಸುವುದರ ಹಿಂದೆ ಈ ಹಿನ್ನೆಲೆಯಿದೆ. ನಮ್ಮ ಬೀದಿಯ ಅಂಗಡಿಯ ಮೊಟ್ಟೆಗೆ ಆ ಮುದ್ರೆ ಇಲ್ಲ ಎಂಬುದನ್ನು ಮರೆಯಬಾರದು.

ಸೋಂಕು ತಗಲಿದರೆ 6 ಗಂಟೆಯಿಂದ 3 ದಿನದೊಳಗೆ ಜ್ವರ, ಹೊಟ್ಟೆನುಲಿತ, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಗಟ್ಟಿಮುಟ್ಟಾದ ವಯಸ್ಕರು ಒಂದು ವಾರದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಮಧುಮೇಹಿಗಳು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಇದು ತೀವ್ರವಾಗಿ, ರೋಗಾಣು ರಕ್ತಕ್ಕೂ ಸೇರಬಹುದು. ಹಬ್ಬದ ತಟ್ಟೆ ಮೊದಲು ಹೋಗುವುದು ಮನೆಯ ಮಗುವಿಗೆ, ಅಜ್ಜಿಗೆ ಅಲ್ಲವೇ?

ಮೊಟ್ಟೆಯೇ ಬೇಕೆನ್ನುವವರು ಬೇಕರಿ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಮೆರಾಂಗ್ ಪುಡಿ ಬಳಸಬಹುದು. ಅದರಲ್ಲಿರುವುದು ಶಾಖದಿಂದ ಶುದ್ಧೀಕರಿಸಿ ಒಣಗಿಸಿದ ಮೊಟ್ಟೆಯ ಬಿಳಿಭಾಗ. ಆದರೆ ಮನೆಗೆ ಅತ್ಯಂತ ಸುಲಭವಾದದ್ದು ಮೊಟ್ಟೆಯೇ ಇಲ್ಲದ ಐಸಿಂಗ್.

ಮೊಟ್ಟೆಯಿಲ್ಲದೆ ಮಾಡುವ ಬಗೆ

ಎರಡು ಅಂಗುಲ ಅಗಲದ ಸುಮಾರು 15 ಕುಕೀಸ್‌ಗೆ ಈ ಅಳತೆ ಸಾಕು.

ಸಕ್ಕರೆಯನ್ನು ಒಣಗಿದ ಮಿಕ್ಸಿ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಿ, ಬಟ್ಟೆಯಲ್ಲಿ ಅಥವಾ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಒಂದು ಕಪ್ ಪುಡಿ, ಅಂದರೆ ಸುಮಾರು 120 ಗ್ರಾಂ ತೆಗೆದುಕೊಳ್ಳಿ. ತರಿ ಉಳಿದರೆ ಐಸಿಂಗ್ ನುಣುಪಾಗುವುದಿಲ್ಲ. ಕೂಡಲೇ ಬಳಸುವುದರಿಂದ ಕಾರ್ನ್‌ಫ್ಲೋರ್ ಬೆರೆಸಬೇಕಿಲ್ಲ. ಇದಕ್ಕೆ ಕುದಿಸಿ ಆರಿಸಿದ ನೀರು 3 ಚಹಾ ಚಮಚ, ನಿಂಬೆರಸ ಅರ್ಧ ಚಹಾ ಚಮಚ ಹಾಕಿ ಗಂಟಿಲ್ಲದಂತೆ ಕಲಸಿ. ಗಟ್ಟಿ ಎನಿಸಿದರೆ ನೀರನ್ನು ಹನಿಹನಿಯಾಗಿಯೇ ಸೇರಿಸಿ. ಅರ್ಧ ಚಮಚ ಹೆಚ್ಚಾದರೂ ಐಸಿಂಗ್ ನೀರಾಗಿ ಹರಿಯುತ್ತದೆ. ಹಾಗಾದರೆ ಇನ್ನಷ್ಟು ಸಕ್ಕರೆ ಪುಡಿ ಬೆರೆಸಿ ಸರಿಪಡಿಸಿ.

ಗೆರೆ ಎಳೆಯಲು ಗಟ್ಟಿ ಐಸಿಂಗ್, ಒಳಗೆ ತುಂಬಲು ಸ್ವಲ್ಪ ತೆಳು ಐಸಿಂಗ್ ಬೇಕು. ಚಮಚದಿಂದ ಇಳಿಬಿಟ್ಟ ಎಳೆ ಹತ್ತು ಎಣಿಸುವಷ್ಟರಲ್ಲಿ ಮರೆಯಾದರೆ ತುಂಬುವ ಹದ. ಎಳೆ ಹಾಗೆಯೇ ನಿಂತರೆ ಗೆರೆಯ ಹದ. ಕುಕೀಸ್ ಪೂರ್ತಿ ಆರಿದ ಮೇಲೆಯೇ ಹಚ್ಚಬೇಕು. ಬಿಸಿ ಇದ್ದರೆ ಐಸಿಂಗ್ ಕರಗಿ ಇಳಿಯುತ್ತದೆ. ಬೆಣ್ಣೆ ಕಾಗದವನ್ನು ಶಂಕುವಿನಂತೆ ಸುತ್ತಿ ತುದಿ ಕತ್ತರಿಸಿದರೆ ಅದೇ ಚಿತ್ರ ಬಿಡಿಸುವ ಸಾಧನ. ಇದಕ್ಕೆ ಹಳೆಯ ಪತ್ರಿಕೆಯ ಹಾಳೆ ಬೇಡ. ಮುದ್ರಣದ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ಪತ್ರಿಕೆ ಓದುವುದಕ್ಕೆ ಮಾತ್ರ ಇರಲಿ.

ಒಣಗಲು ಒಂದು ರಾತ್ರಿ ಬೇಕು. ಕರಾವಳಿಯ ತೇವದ ಹವೆಯಲ್ಲಿ ಇನ್ನೂ ತಡವಾದೀತು. ಫ್ಯಾನಿನ ಕೆಳಗೆ, ಇರುವೆ ನೊಣ ಬಾರದಂತೆ ಜಾಲರಿ ಮುಚ್ಚಿ ಇಡಿ. ನೀರಿನ ಬದಲು ಹಾಲು, ಬೆಣ್ಣೆ, ಕೆನೆ ಹಾಕಿದ ಐಸಿಂಗನ್ನು ಹೀಗೆ ಹೊರಗೆ ರಾತ್ರಿಯಿಡೀ ಬಿಡಬಾರದು. ಅಂಥದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಹೊಳಪಿಗೆಂದು ಕೆಲವರು ಜೇನುತುಪ್ಪ ಬೆರೆಸುತ್ತಾರೆ. ಅದನ್ನು ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಲೂಬಾರದು. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನಿಂದ ಕೂಸಿನ ಸ್ನಾಯುಗಳು ನಿಶ್ಚೇಷ್ಟಿತವಾಗುವ ಅಪಾಯವಿದೆ.

ಬಣ್ಣ: ಚಂದವೋ, ವಿಷವೋ?

ಮೊಟ್ಟೆಯ ನಂತರದ ಚಿಂತೆ ಬಣ್ಣದ್ದು. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು ಮಾತ್ರ. ಅವುಗಳಿಗೂ ಸಾಮಾನ್ಯವಾಗಿ ಒಂದು ಕಿಲೋ ಆಹಾರಕ್ಕೆ 100 ಮಿಲಿಗ್ರಾಂ ಎಂಬ ಮಿತಿಯಿದೆ. ಈ ಲೆಕ್ಕದಲ್ಲಿ ನಮ್ಮ 120 ಗ್ರಾಂ ಐಸಿಂಗಿಗೆ ಸಲ್ಲುವುದು 12 ಮಿಲಿಗ್ರಾಂ, ಎಂದರೆ ಚಿಟಿಕೆಯ ಒಂದು ಸಣ್ಣ ಭಾಗ. ಕಣ್ಣಳತೆಯಲ್ಲಿ ಬಣ್ಣ ಸುರಿಯುವಾಗ ಈ ಮಿತಿ ದಾಟುವುದು ಎಷ್ಟು ಸುಲಭ ಯೋಚಿಸಿ. ಅನುಮತಿ ಇರುವ ಟಾರ್ಟ್ರಜೀನ್ ಎಂಬ ಹಳದಿ ಬಣ್ಣವೂ ಕೆಲವರಲ್ಲಿ ಪಿತ್ತಗಂಧೆ, ಉಬ್ಬಸ ಕೆರಳಿಸುತ್ತದೆ. ಕೆಲವು ಕೃತಕ ಬಣ್ಣಗಳಿಂದ ಮಕ್ಕಳ ಚಂಚಲತೆ ಹೆಚ್ಚಬಹುದು ಎಂದು ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ ಮೇಲೆ, ಐರೋಪ್ಯ ಒಕ್ಕೂಟ 2010ರಿಂದ ಅಂಥ ಆಹಾರದ ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಮುದ್ರಿಸುವುದನ್ನು ಕಡ್ಡಾಯ ಮಾಡಿತು.

ಇನ್ನೂ ಭಯಂಕರವಾದವು ಆಹಾರಕ್ಕೇ ಅಲ್ಲದ ಬಣ್ಣಗಳು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು. ಕಾಟನ್ ಕ್ಯಾಂಡಿಯ ಮಾದರಿಗಳಲ್ಲಿ ಸಿಕ್ಕಿದ್ದು ರೋಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಹೆಸರು, ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ ಇಲ್ಲದ ಬಿಡಿ ಪೊಟ್ಟಣದ ಬಣ್ಣವನ್ನು ಮನೆಯೊಳಗೆ ತರಲೇಬೇಡಿ.

ಕೇಕು, ಕುಕೀಸ್ ಮೇಲೆ ಉದುರಿಸುವ ಚಿನ್ನ ಬೆಳ್ಳಿ ಬಣ್ಣದ ಮಿನುಗು ಪುಡಿಯ ಬಗ್ಗೆಯೂ ಒಂದು ಮಾತು. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕು ತಿಂದ ಆರು ಮಕ್ಕಳು ವಾಂತಿ ಭೇದಿಯಿಂದ ನರಳಿದರು. ಕೇಕಿನ ಮೇಲಿನ ಮಿನುಗಿನಲ್ಲಿ ಇದ್ದದ್ದು ತಾಮ್ರ. 2019ರಲ್ಲಿ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಪತ್ತೆಯಾಯಿತು. ಅದು ಬಂದದ್ದು ಹುಟ್ಟುಹಬ್ಬದ ಕೇಕಿನ ಅಲಂಕಾರದ ಪುಡಿಯಿಂದ. ಇಂಥ ಪುಡಿಯ ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದಷ್ಟೇ ಇದ್ದರೆ ಸಾಲದು. ‘ತಿನ್ನಲು ಯೋಗ್ಯ’ ಎಂದು ಬರೆದಿರಬೇಕು, ಅದರಲ್ಲಿ ಏನೇನಿದೆ ಎಂಬ ಪಟ್ಟಿಯೂ ಇರಬೇಕು. ಗಟ್ಟಿಯಾದ ಬೆಳ್ಳಿ ಗುಂಡುಗಳು ಚಿಕ್ಕ ಮಕ್ಕಳ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದಾದ್ದರಿಂದ ಅವು ಬೇಡವೇ ಬೇಡ.

ಬಣ್ಣಕ್ಕೆ ನಮ್ಮ ಅಡುಗೆಮನೆಯೇ ಸಾಕು. ಬೀಟ್‌ರೂಟ್ ಬೇಯಿಸಿದ ನೀರಿನಿಂದ ಗುಲಾಬಿ ಬಣ್ಣ, ಅರಿಸಿನ ಕುದಿಸಿದ ನೀರಿನಿಂದ ಹಳದಿ, ಬಿಸಿನೀರಿನಲ್ಲಿ ಬೇಯಿಸಿ ಅರೆದು ಸೋಸಿದ ಪಾಲಕ್ ಸೊಪ್ಪಿನಿಂದ ಹಸಿರು, ಕೋಕೋ ಪುಡಿಯಿಂದ ಕಂದು. ಕರಾವಳಿ, ಮಲೆನಾಡಿನವರಿಗೆ ಪುನರ್ಪುಳಿ ಇದೆ. ಒಣ ಸಿಪ್ಪೆಯನ್ನು ಕುದಿಸಿದ ನೀರು ಕೆಂಪು ಬಣ್ಣವನ್ನೂ ಹುಳಿಯನ್ನೂ ಒಟ್ಟಿಗೆ ಕೊಡುವುದರಿಂದ ನಿಂಬೆರಸವೂ ಬೇಕಿಲ್ಲ. ನೀಲಿ ಶಂಖಪುಷ್ಪದ ಎಸಳುಗಳನ್ನು ಕುದಿನೀರಿನಲ್ಲಿ ನೆನೆಸಿದರೆ ನೀಲಿ ಬಣ್ಣ. ಅದಕ್ಕೆ ನಿಂಬೆರಸ ಬಿದ್ದೊಡನೆ ನೇರಳೆಯಾಗುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಎಲ್ಲವನ್ನೂ ಮೊದಲು ಕುದಿಸಿ, ಆರಿಸಿ, ನೀರಿನ ಬದಲಿಗೆ ಬಳಸಿ. ಬಣ್ಣ ತಿಳಿಯಾಗಿರುತ್ತದೆ, ಇರಲಿ. ಮರುದಿನ ಮಗುವಿನ ಮೂತ್ರ ಗುಲಾಬಿಯಾಗಿ ಕಂಡರೆ ಗಾಬರಿಯಾಗಬೇಡಿ. ಬೀಟ್‌ರೂಟಿನಿಂದ ಕೆಲವರಿಗೆ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಎಷ್ಟು ತಿನ್ನಬೇಕು?

120 ಗ್ರಾಂ ಸಕ್ಕರೆಯನ್ನು 15 ಕುಕೀಸ್‌ಗೆ ಹಂಚಿದರೆ ಒಂದೊಂದರ ಮೇಲೂ 8 ಗ್ರಾಂ, ಅಂದರೆ ಎರಡು ಚಹಾ ಚಮಚ ಸಕ್ಕರೆ. ಬಿಸ್ಕತ್ತಿನೊಳಗಿನ ಸಕ್ಕರೆ ಬೇರೆ. ನಾವು ತಿನ್ನುವ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10ನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿದೆ. ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ಸುಮಾರು 1,400 ಕ್ಯಾಲೊರಿ ಬೇಕಾಗುವ ಐದಾರು ವರ್ಷದ ಮಗುವಿಗೆ ಶೇಕಡಾ 10 ಎಂದರೆ 35 ಗ್ರಾಂ. ಮೂರು ಕುಕೀಸ್‌ನ ಐಸಿಂಗಿನಲ್ಲೇ 24 ಗ್ರಾಂ ಮುಗಿಯಿತು. ಬಿಸ್ಕತ್ತಿನ ಸಕ್ಕರೆ, ಬೆಳಗಿನ ಹಾಲಿನ ಸಕ್ಕರೆ ಸೇರಿದರೆ ಮಿತಿ ದಾಟುವುದು ನಿಶ್ಚಿತ.

ಉಪಾಯ ಸರಳ. ಕುಕೀಸ್ ಪೂರ್ತಿ ಮೆತ್ತುವ ಬದಲು ಅಂಚಿಗೆ ಗೆರೆ, ನಡುವೆ ಒಂದೆರಡು ಚುಕ್ಕಿ ಇಟ್ಟರೆ ಸಕ್ಕರೆ ಬಹಳಷ್ಟು ಕಡಿಮೆಯಾಗುತ್ತದೆ. ರಂಗೋಲಿಯ ಎಳೆ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕೇ? ಹಲ್ಲಿನ ದೃಷ್ಟಿಯಿಂದ, ದಿನವಿಡೀ ಒಂದೊಂದಾಗಿ ಮೆಲ್ಲುವುದಕ್ಕಿಂತ ಊಟದ ಜೊತೆ ಒಮ್ಮೆಲೇ ತಿಂದು ಬಾಯಿ ಮುಕ್ಕಳಿಸುವುದು ಒಳ್ಳೆಯದು. ಪ್ರತಿ ಸಲ ಸಕ್ಕರೆ ಸೋಕಿದಾಗಲೂ ಬಾಯಿಯ ರೋಗಾಣುಗಳು ಆಮ್ಲ ಉತ್ಪತ್ತಿ ಮಾಡಿ ಹಲ್ಲನ್ನು ಕೊರೆಯುತ್ತವೆ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಪಾಲಿಗೆ ಐಸಿಂಗ್ ಹಚ್ಚದ ಒಂದು ಕುಕೀ ತೆಗೆದಿಡಿ. ಅದರಲ್ಲೂ ಮೈದಾ, ಸಕ್ಕರೆ ಇರುವುದರಿಂದ ಒಂದೇ ಸಾಕು.

ಅಕಸ್ಮಾತ್ ವಾಂತಿ ಭೇದಿಯಾದರೆ

ಮೊದಲ ಚಿಕಿತ್ಸೆ ದ್ರವ. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಭೇದಿ ಕಟ್ಟುವ ಮಾತ್ರೆಯನ್ನಾಗಲಿ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಔಷಧವನ್ನಾಗಲಿ ಮಕ್ಕಳಿಗೆ ನೀವಾಗಿಯೇ ಕೊಡಬೇಡಿ. ಮಲದಲ್ಲಿ ರಕ್ತ, ಇಳಿಯದ ಜ್ವರ, ಆರು ಗಂಟೆಗಳಿಂದ ಮೂತ್ರ ಇಲ್ಲದಿರುವುದು, ಗುಳಿಬಿದ್ದ ಕಣ್ಣು, ಮಂಪರು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಕೆಲವೇ ತಿಂಗಳ ಕೂಸಾದರೆ ಈ ಲಕ್ಷಣಗಳಿಗಾಗಿ ಕಾಯುವುದೂ ಬೇಡ.

ನೆನಪಿಡಿ

1. ಐಸಿಂಗಿಗೆ ಹಸಿ ಮೊಟ್ಟೆ ಬೇಡ. ನೀರು, ನಿಂಬೆರಸ, ಸಕ್ಕರೆ ಪುಡಿ ಸಾಕು.

2. ನೀರು, ಸೊಪ್ಪು, ಬೀಟ್‌ರೂಟ್ ಯಾವುದಾದರೂ ಸರಿ, ಮೊದಲು ಕುದಿಸಿ ಆರಿಸಿ ಬಳಸಿ.

3. ವಿವರವಿಲ್ಲದ ಬಿಡಿ ಬಣ್ಣ, ಮಿನುಗು ಪುಡಿ, ಬೆಳ್ಳಿ ಗುಂಡು ದೂರವಿಡಿ.

4. ಐಸಿಂಗ್ ಮುಟ್ಟುವ ಮೊದಲು ಎಲ್ಲರೂ ಸೋಪಿನಿಂದ ಕೈ ತೊಳೆಯಿರಿ. ನೆಕ್ಕಿದ ಚಮಚ ಮತ್ತೆ ಬಟ್ಟಲಿಗೆ ಹೋಗಬಾರದು.

5. ಕುಕೀಸ್‌ನ ಹಸಿ ಹಿಟ್ಟನ್ನು ಮಕ್ಕಳು ರುಚಿ ನೋಡದಂತೆ ಎಚ್ಚರವಹಿಸಿ. ಹಸಿ ಮೈದಾದಲ್ಲೂ ರೋಗಾಣು ಇರಬಹುದು.

6. ಭೇದಿ, ವಾಂತಿ ಇರುವವರು, ಕೈಯಲ್ಲಿ ಕೀವಿನ ಗಾಯ ಇರುವವರು ಆ ದಿನ ಅಲಂಕಾರದ ಕೆಲಸ ಬೇರೆಯವರಿಗೆ ಬಿಡಲಿ.