ಹಳೆಯ ರೀಲಿನ ಗೊರಗೊರ: ಯಾವುದು ಗದ್ದಲ, ಯಾವುದು ದನಿ?

ಈ ಸಂಚಿಕೆಯನ್ನು ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ಗೆಳತಿಯೊಬ್ಬರ ಅಡುಗೆಮನೆಯಿಂದ ಶುರು ಮಾಡೋಣ. ಅವರ ಸೋದರಮಾವ ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದಿಂದ ಸಾಗರದ ಹತ್ತಿರದ ತಮ್ಮ ಊರಿಗೆ ಬಂದಾಗ, ಸದ್ದನ್ನೂ ಹಿಡಿಯುವ ಸೂಪರ್ 8 ಕ್ಯಾಮೆರಾ ತಂದಿದ್ದರಂತೆ. ಅದರಲ್ಲಿ ತೆಗೆದ ಒಂದೇ ಒಂದು ರೀಲು ಉಳಿದಿದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡು. ಜಗಲಿಯಲ್ಲಿ ಕೂತು ಅಜ್ಜಿ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಾರೆ. ಆ ಅಜ್ಜಿಯ ದನಿ ಬೇರೆ ಎಲ್ಲೂ ಇಲ್ಲ.

ಡಿಜಿಟಲ್ ಮಾಡಿಸಿಕೊಂಡು ಬಂದಾಗ ಚಿತ್ರ ಪರವಾಗಿರಲಿಲ್ಲ, ಆದ್ರೆ ಸದ್ದು ಬರೀ ಗೊರಗೊರ. "ಸ್ವಲ್ಪ ಕ್ಲೀನ್ ಮಾಡಿ ಕೊಡ್ತೀರಾ?" ಅಂದ್ರು. ಲ್ಯಾಬ್‌ನಲ್ಲಿ ದಿನಬೆಳಗಾದ್ರೆ ಡೇಟಾದಿಂದ ಗದ್ದಲ ತೆಗೆಯೋರು ನಾವು. ಇದೇನು ಮಹಾ ಅಂತ ಒಪ್ಪಿಕೊಂಡೆವು.

ಮೊದಲು, ಫಿಲ್ಮಿನಲ್ಲಿ ಸದ್ದು ಎಲ್ಲಿರುತ್ತೆ ಅನ್ನೋದನ್ನ ನೋಡೋಣ. ಚಿತ್ರಮಂದಿರದ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರದ ಪಕ್ಕದಲ್ಲೇ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಪಟ್ಟಿಯೊಂದಿದೆ. ಅಲ್ಲಿ ಸದ್ದೂ ಒಂದು ಚಿತ್ರವೇ. ದನಿ ಏರಿಳಿದಂತೆ ಪಟ್ಟಿಯ ಬಿಳಿ ಭಾಗ ಅಗಲ, ಕಿರಿದು ಆಗುತ್ತೆ. ಪ್ರೊಜೆಕ್ಟರಿನ ಪುಟ್ಟ ದೀಪ ಅದರ ಮೇಲೆ ಬೀಳುತ್ತೆ, ಹಾದುಬಂದ ಬೆಳಕು ವಿದ್ಯುತ್ ಆಗಿ, ಆಮೇಲೆ ಸ್ಪೀಕರಿನಲ್ಲಿ ಸದ್ದಾಗುತ್ತೆ. ಹಾಗಾಗಿ ಆ ಪಟ್ಟಿಯ ಮೇಲೆ ಕೂತ ಧೂಳಿನ ಕಣವೂ ಸದ್ದೇ: ಚಟ್! ಉದ್ದಕ್ಕೆ ಗೀರಿದ್ದರೆ ಕರಕರ. ಬೆಳಕಿನ ಗೆರೆ ಸ್ವಲ್ಪ ಸರಿದು ಅಂಚಿನ ತೂತುಗಳ ಮೇಲೆ ಬಿದ್ದರೆ, ಒಂದು ಚೌಕಟ್ಟಿಗೆ ನಾಲ್ಕು ತೂತು, ಸೆಕೆಂಡಿಗೆ 24 ಚೌಕಟ್ಟು, ಅಂದ್ರೆ ಸರಿಯಾಗಿ 96 ಹರ್ಟ್ಜ್‌ನ ಗುಂಯ್ ಸದ್ದು. ಪತ್ತೇದಾರಿ ಕೆಲಸ ಇಷ್ಟ ಇರೋರಿಗೆ ಇದು ಮಜಾ ಕೊಡುತ್ತೆ: ಗದ್ದಲದ ಆವರ್ತನ ನೋಡಿಯೇ ಕಳ್ಳ ಯಾರು ಅಂತ ಹೇಳಬಹುದು. 50 ಹರ್ಟ್ಜ್ ಇದ್ದರೆ ಕರೆಂಟಿನದು.

ಸೂಪರ್ 8ರ ಕಥೆ ಬೇರೆ. 1973ರಲ್ಲಿ ಕೊಡಾಕ್ ತಂದ ಈ ಪದ್ಧತಿಯಲ್ಲಿ ಫಿಲ್ಮಿನ ಅಂಚಿಗೆ ಕ್ಯಾಸೆಟ್ ಟೇಪಿನಂಥ ಕಾಂತೀಯ ಪಟ್ಟಿ ಅಂಟಿಸಿರುತ್ತಿದ್ದರು. ಆದ್ದರಿಂದ ಟೇಪಿನದೇ ಆದ ಸುಸ್ ಎನ್ನುವ ಸದ್ದು ಇದಕ್ಕೂ ಇದೆ. ಜೊತೆಗೆ ಕ್ಯಾಮೆರಾದ ಮೋಟಾರೂ ಮೈಕಿನ ಹತ್ತಿರವೇ ತಿರುಗುತ್ತಿರುತ್ತೆ.

ಈಗ ಕ್ಲೀನ್ ಮಾಡೋದು ಹೇಗೆ? 1979ರಲ್ಲಿ ಸ್ಟೀವನ್ ಬೋಲ್ ವಿವರಿಸಿದ ಒಂದು ವಿಧಾನವಿದೆ, ಇವತ್ತಿಗೂ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಅದೇ ಬುನಾದಿ. ಸದ್ದನ್ನು ಕೆಲವು ಹತ್ತು ಮಿಲಿಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿನಲ್ಲೂ ಯಾವ ಆವರ್ತನ ಎಷ್ಟಿದೆ ಅಂತ ಅಳೆಯುತ್ತಾರೆ. ಯಾರೂ ಮಾತಾಡದ ಒಂದು ಜಾಗ ಆರಿಸಿ, "ಇದು ಬರೀ ಗದ್ದಲ" ಅಂತ ಕಂಪ್ಯೂಟರಿಗೆ ತೋರಿಸುತ್ತಾರೆ. ಅದು ಆ ಗದ್ದಲದ ಲೆಕ್ಕ ಇಟ್ಟುಕೊಂಡು ಎಲ್ಲ ಚೂರುಗಳಿಂದಲೂ ಅಷ್ಟಷ್ಟು ಕಳೆಯುತ್ತೆ. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಹಿನ್ನೆಲೆಯ ಮಬ್ಬನ್ನು ನಾವು ಕಳೆಯುವುದೂ ಹೀಗೆಯೇ. ಜಾಸ್ತಿ ಕಳೆದರೆ ಮಾತು ನೀರೊಳಗಿನಿಂದ ಬಂದ ಹಾಗೆ, ಬುಳುಬುಳು ಗುಳ್ಳೆಗಳ ಜೊತೆ ಕೇಳುತ್ತೆ. ಫೋನಿನಲ್ಲಿ ನೀವೂ ಕೇಳಿರ್ತೀರಿ.

ನಾವು ರೀಲಿನ ಮೊದಲ ಹತ್ತು ಸೆಕೆಂಡು ಆರಿಸಿದೆವು. ಅಲ್ಲಿ ಯಾರೂ ಮಾತಾಡಲ್ಲ, ಅಜ್ಜಿ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಾರೆ ಅಷ್ಟೆ. ಒಂದು ಗುಂಡಿ ಒತ್ತಿದ್ದೇ ತಡ, ಗೊರಗೊರ ಮಾಯ. ಮಾವ ಕ್ಯಾಮೆರಾ ಹಿಂದಿನಿಂದ "ಇಲ್ನೋಡು" ಅನ್ನೋದು ಸ್ಪಷ್ಟವಾಗಿ ಕೇಳಿತು. ಖುಷಿಯಿಂದ ಕಳಿಸಿಕೊಟ್ಟೆವು.

ಎರಡು ದಿನ ಬಿಟ್ಟು ಗೆಳತಿಯ ಫೋನು. ಅವರ ಅಮ್ಮ ಎರಡೂ ಆವೃತ್ತಿ ಕೇಳಿ, "ಮೊದಲನೇದ್ರಲ್ಲಿ ಅಮ್ಮ ಹಾಡ್ತಿದ್ಲಲ್ಲ, ಇದ್ರಲ್ಲಿ ಯಾಕೆ ಸುಮ್ಮನಿದ್ದಾಳೆ?" ಅಂತ ಕೇಳಿದರಂತೆ.

ಇಯರ್‌ಫೋನ್ ಹಾಕಿಕೊಂಡು ಮೂಲವನ್ನು ಮತ್ತೆ ಕೇಳಿದೆವು. ಹೌದು, ಮೋಟಾರಿನ ಸದ್ದಿನ ಅಡಿಯಲ್ಲಿ, ಬಾಯಿ ಮುಚ್ಚಿಕೊಂಡೇ ಅಜ್ಜಿ ಮೊದಲ ಸೆಕೆಂಡಿನಿಂದಲೇ ಏನೋ ಗುನುಗುತ್ತಿದ್ದಾರೆ. ಮೂರು ನಾಲ್ಕು ಸ್ವರಗಳ ಸುತ್ತಲೇ ಸುತ್ತುವ ಹಾಡು. ಆ ಸ್ವರಗಳನ್ನೇ ಗದ್ದಲದ ಮಾದರಿ ಅಂತ ನಾವು ಕೊಟ್ಟಿದ್ದೆವು. ಕಂಪ್ಯೂಟರ್ ಹೇಳಿದಷ್ಟನ್ನೇ ಮಾಡಿ, ಇಡೀ ರೀಲಿನಿಂದ ಅಜ್ಜಿಯನ್ನು ಅಳಿಸಿಹಾಕಿತ್ತು. ಜೀವಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪಾಠ ಇದು: ಕಂಟ್ರೋಲ್‌ನಲ್ಲೇ ಸ್ಯಾಂಪಲ್ ಬೆರೆತರೆ ಫಲಿತಾಂಶ ಸೊನ್ನೆ. ನಾಚಿಕೆ ಆಯ್ತು, ಸುಳ್ಳು ಯಾಕೆ.

ಇದು ಮನೆಯ ರೀಲಿಗಷ್ಟೇ ಇರೋ ತೊಂದರೆ ಅಲ್ಲ. ಮಲೆನಾಡಿನಲ್ಲಿ ತೆಗೆದ ಯಾವುದೇ ಹಳೆಯ ಚಿತ್ರವನ್ನು ಯೋಚಿಸಿ. ಜೀರುಂಡೆಯ ಕೂಗು ನಿರಂತರವಾಗಿ, ಎತ್ತರದ ಆವರ್ತನದಲ್ಲಿ ಇರುತ್ತೆ. ಟೇಪಿನ ಸುಸ್ ಸದ್ದೂ ಅಲ್ಲೇ, ನಮ್ಮ ಸ, ಶ, ಷಗಳ ಉಸಿರೂ ಅಲ್ಲೇ. ಯಾವುದನ್ನು ಇಡಬೇಕು ಅಂತ ಲೆಕ್ಕಕ್ಕೆ ಗೊತ್ತಾಗಲ್ಲ. ಆ ಊರು, ಆ ಭಾಷೆ ಗೊತ್ತಿರೋ ಕಿವಿ ಬೇಕು. ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದ 'ಸಂಸ್ಕಾರ' (1970), ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977), ಇಂಥ ಚಿತ್ರಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' (1934) ಅಂತೂ ಉಳಿದೇ ಇಲ್ಲ. ಅಲ್ಲಿ ಗೊರಗೊರ ಸಿಕ್ಕಿದ್ದರೂ ಹಬ್ಬ ಮಾಡಬಹುದಿತ್ತು.

ಎಐ ಇದೆಯಲ್ಲ ಅಂತ ಕೇಳ್ತೀರಿ. ಇದೆ. ಪೀಟರ್ ಜಾಕ್ಸನ್ ತಂಡ ಬೀಟಲ್ಸ್ ಕುರಿತ 'ಗೆಟ್ ಬ್ಯಾಕ್' (2021) ಸಾಕ್ಷ್ಯಚಿತ್ರಕ್ಕಾಗಿ, ಒಂದೇ ಟ್ರ್ಯಾಕಿನಲ್ಲಿ ಕಲೆಸಿಹೋಗಿದ್ದ ಮಾತು, ಗಿಟಾರುಗಳನ್ನು ಬೇರೆ ಬೇರೆ ಮಾಡಿ ತೋರಿಸಿತು. ಆದ್ರೆ ಇಂಥ ಯಂತ್ರಗಳು ತಾವು ಕಲಿತದ್ದನ್ನೇ ಹುಡುಕುತ್ತವೆ. ಮಾತು ಕಲಿತ ಯಂತ್ರಕ್ಕೆ ಬಾಯಿಮುಚ್ಚಿದ ಗುನುಗು ಮಾತಾಗಿ ಕಾಣಬೇಕೆಂದೇನಿಲ್ಲ.

ಎರಡನೇ ಸಲ ಬೇರೆ ದಾರಿ ಹಿಡಿದೆವು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲುವ ಜಾಗಗಳನ್ನು ಒಂದೊಂದಾಗಿ ಹುಡುಕಿದೆವು. ಒಂದೊಂದೂ ಅರ್ಧ ಸೆಕೆಂಡೂ ಇಲ್ಲ. ಅವನ್ನೆಲ್ಲ ಜೋಡಿಸಿ ಮಾದರಿ ಮಾಡಿದೆವು. ಗದ್ದಲವನ್ನು ಪೂರ್ತಿ ತೆಗೆಯದೆ ಬರೀ ತಗ್ಗಿಸಿದೆವು. ಮೋಟಾರು ಈಗಲೂ ಕೇಳುತ್ತೆ, ಅದರ ಮೇಲೆ ಗುನುಗೂ ಕೇಳುತ್ತೆ. ಗೆಳತಿಯ ಅಮ್ಮ ಅದು ಯಾವ ಹಾಡು ಅಂತ ಗುರುತು ಹಿಡಿದು ಪೂರ್ತಿ ಹಾಡಿದರಂತೆ. ಗೆಳತಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಾರೆ, ಫ್ರಿಜ್ಜಿನ ಸದ್ದಿನ ಸಮೇತ.

ನಿಮ್ಮ ಮನೆಯಲ್ಲೂ ರೀಲು ಇದ್ದರೆ ಡಬ್ಬಿ ತೆಗೆದು ಒಮ್ಮೆ ಮೂಸಿ ನೋಡಿ. ವಿನಿಗರ್ ವಾಸನೆ ಬಂದ್ರೆ ಫಿಲ್ಮು ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ. ತಡ ಮಾಡದೆ ಡಿಜಿಟಲ್ ಮಾಡಿಸಿ. ಬಂದ ಮೊದಲ ಫೈಲನ್ನು ಮುಟ್ಟದೆ ಎರಡು ಕಡೆ ತೆಗೆದಿಡಿ, ಏನೇ ಕ್ಲೀನ್ ಮಾಡೋದಿದ್ರೂ ನಕಲಿನ ಮೇಲೆ ಮಾಡಿ. ಯಾವ ಭಾಗ ಬರೀ ಗದ್ದಲ ಅನ್ನೋದನ್ನ ತೀರ್ಮಾನಿಸೋ ಮುಂಚೆ ಮನೆಯ ಹಿರಿಯರಿಗೆ ಒಮ್ಮೆ ಇಯರ್‌ಫೋನ್ ಕೊಡಿ.