ಕಂಪ್ಯೂಟರು ತನ್ನ ಯಜಮಾನನನ್ನು ಗುರುತಿಸುವ ಬಗೆ

ಹಿಂದಿನ ವಾಲ್ವು ರೇಡಿಯೋ ಇದ್ದ ಮನೆಯವರಿಗೆ ನೆನಪಿರಬಹುದು: ಗುಂಡಿ ತಿರುಗಿಸಿದೊಡನೆ ಹಾಡು ಬರುತ್ತಿರಲಿಲ್ಲ. ವಾಲ್ವು ಕಾಯುವವರೆಗೆ ನಾವೂ ಕಾಯುತ್ತಿದ್ದೆವು. ಕಂಪ್ಯೂಟರಿನಲ್ಲಿ ಕಾಯಿಸಬೇಕಾದ ತಂತಿಯೇನೂ ಇಲ್ಲ. ಆದರೂ ಗುಂಡಿ ಒತ್ತಿದ ಮೇಲೆ ಕೆಲವು ಕ್ಷಣ ಸುಮ್ಮನೆ ಕುಳಿತಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಒಳಗೆ ನಡೆಯುವುದು ವಿಚಾರಣೆ. ಯಂತ್ರದ ಎಲ್ಲ ಕೆಲಸಗಳನ್ನೂ ಹಂಚಿಕೊಡುವ ಮೂಲ ಕಾರ್ಯಕ್ರಮವೊಂದುಂಟು. ಅದಕ್ಕೆ ಕರ್ನೆಲ್ ಎಂದು ಹೆಸರು. ಅದು ಎಚ್ಚರಗೊಂಡೊಡನೆ ತನ್ನ ಸುತ್ತಮುತ್ತನ್ನು ವಿಚಾರಿಸತೊಡಗುತ್ತದೆ. ಸ್ಮೃತಿ ಎಷ್ಟಿದೆ? ಪ್ರೊಸೆಸರುಗಳು ಎಷ್ಟು? ಗಡಿಯಾರ ಎಲ್ಲಿ? ಈ ಪ್ರಶ್ನೆಗಳ ನಡುವೆ ವಿಚಿತ್ರವಾದ ಒಂದು ಪ್ರಶ್ನೆಯೂ ಇರುತ್ತದೆ: ಇದು ನಿಜವಾದ ಯಂತ್ರವೇ, ಅಥವಾ ಯಂತ್ರದಂತೆ ತೋರುವ ಬೇರೊಂದೇ?

ಈ ಸಂದೇಹಕ್ಕೆ ಕಾರಣವುಂಟು. ದೊಡ್ಡ ಕಂಪ್ಯೂಟರೊಂದನ್ನು ವಠಾರದಂತೆ ಪಾಲು ಮಾಡಿ, ಒಂದೊಂದು ಪಾಲಿನಲ್ಲೂ ಒಂದೊಂದು ಕರ್ನೆಲ್ಲನ್ನು ಬಿಡಾರ ಇಡಿಸುವುದು ಈಗ ಸಾಮಾನ್ಯ. ವಠಾರದ ಯಜಮಾನನ ಸ್ಥಾನದಲ್ಲಿರುವ ಕಾರ್ಯಕ್ರಮಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಅಮೆರಿಕದ ಐಬಿಎಂ ಸಂಸ್ಥೆಯವರು ೧೯೬೭ರಲ್ಲಿಯೇ ತಮ್ಮ ಕೇಂಬ್ರಿಜ್ ಕೇಂದ್ರದಲ್ಲಿ ಇಂಥದೊಂದನ್ನು ನಡೆಸುತ್ತಿದ್ದರು. ಇಂದು ಯಾವುದಾದರೂ ಕಂಪನಿಯಿಂದ ದೂರದ ಕಂಪ್ಯೂಟರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದರೆ ಬಹುಮಟ್ಟಿಗೆ ಕೈಗೆ ಬರುವುದು ಇಂಥ ಪಾಲೇ. ವಠಾರಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ನಮ್ಮ ವಠಾರಗಳಲ್ಲಿ ಪಕ್ಕದ ಮನೆಯ ಒಗ್ಗರಣೆ ನಮ್ಮ ಮೂಗಿಗೆ ಬರುತ್ತದೆ. ಇಲ್ಲಿ ಪ್ರತಿಯೊಬ್ಬ ಬಾಡಿಗೆದಾರನಿಗೂ ಇಡೀ ಮನೆ ತನ್ನದೊಬ್ಬನದೇ ಎಂದು ತೋರುವಂತೆ ಏರ್ಪಾಡಾಗಿರುತ್ತದೆ.

ಹಾಗೆಯೇ ನಂಬಿಕೊಂಡಿರಲಿ, ನಷ್ಟವೇನು? ನಷ್ಟ ಮೊದಲು ಕಾಣುವುದು ಗಡಿಯಾರದಲ್ಲಿ. ಗಡಿಯಾರದಿಂದ ಕ್ರಮವಾಗಿ ಬರುವ ಸೂಚನೆಗಳನ್ನು ಎಣಿಸಿ ಕರ್ನೆಲ್ ಹೊತ್ತನ್ನು ಅಳೆಯುತ್ತದೆ ಎನ್ನಿ. ಬೇರೆ ಬಾಡಿಗೆದಾರನ ಸರದಿ ಬಂದಾಗ ಯಜಮಾನನು ಈ ಕರ್ನೆಲ್ಲನ್ನು ನಿದ್ದೆಯಲ್ಲಿಡುತ್ತಾನೆ. ನಿದ್ದೆಯಲ್ಲಿ ಬಂದ ಸೂಚನೆ ಎಣಿಕೆಗೆ ಸಿಕ್ಕದೆ ಹೋಗಬಹುದು. ಎದ್ದ ಮೇಲೆ ತಾನು ಮಲಗಿದ್ದೆನೆಂಬುದೇ ಅದಕ್ಕೆ ತಿಳಿಯದು. ಗಡಿಯಾರ ಹಿಂದೆ ಬೀಳುತ್ತದೆ. ಹಣದ ಜಮಾಖರ್ಚು ಬರೆಯುವ ಯಂತ್ರದಲ್ಲಿ ಹೀಗಾದರೆ ಯಾವ ವ್ಯವಹಾರ ಮೊದಲು, ಯಾವುದು ಆಮೇಲೆ ಎಂಬುದೇ ತಲೆಕೆಳಗಾದೀತು. ರೇಡಿಯೋ ಕೇಳುವ ಮನೆಗಳಲ್ಲಿ ವಾರ್ತೆಯ ವೇಳೆಗೆ ಗೋಡೆಯ ಗಡಿಯಾರವನ್ನು ಸರಿಮಾಡಿಕೊಳ್ಳುವ ವಾಡಿಕೆಯಿತ್ತಲ್ಲವೆ? ಕರ್ನೆಲ್ಲಿಗೂ ಹಾಗೆಯೇ. ಮೇಲೆ ಯಜಮಾನನಿರುವನೆಂದು ಗೊತ್ತಾದರೆ ಸರಿಯಾದ ಹೊತ್ತನ್ನು ಅವನಿಂದಲೇ ಪಡೆಯಬಹುದು.

ಹಾಗಾದರೆ ನೇರವಾಗಿ ಕೂಗಿ ಕೇಳಿಬಿಡಬಾರದೆ? ಇಲ್ಲಿಯೇ ತೊಡಕಿರುವುದು. ಕೇಳುವುದರಿಂದಲೇ ಅಪಾಯವಾಗಬಹುದು. ಆರ್ಮ್ ಜಾತಿಯ ಪ್ರೊಸೆಸರುಗಳಲ್ಲಿ ಯಜಮಾನನನ್ನು ಕರೆಯುವುದಕ್ಕೆಂದೇ ಒಂದು ಆಜ್ಞೆ ಉಂಟು. ಯಜಮಾನನ ಆ ಮೇಲಂತಸ್ತೇ ಇಲ್ಲದ ಯಂತ್ರದಲ್ಲಿ ಆ ಆಜ್ಞೆಗೆ ಅರ್ಥವಿಲ್ಲ. ಪ್ರೊಸೆಸರು ಅದನ್ನು ತಪ್ಪೆಂದು ತಿರಸ್ಕರಿಸುತ್ತದೆ. ಬೂಟ್ ಆಗುವ ಆ ಎಳೆಯ ಹೊತ್ತಿನಲ್ಲಿ ಇಂಥ ಪೆಟ್ಟು ಬಿದ್ದರೆ ಕರ್ನೆಲ್ ಅಲ್ಲಿಯೇ ನಿಂತುಹೋದೀತು. ಏಕೆ ನಿಂತಿತೆಂದು ತೆರೆಯ ಮೇಲೆ ಬರೆದು ತಿಳಿಸುವ ಶಕ್ತಿಯೂ ಅದಕ್ಕೆ ಆಗ ಬಂದಿರುವುದಿಲ್ಲ.

ಆದುದರಿಂದ ಕೂಗುವ ಮೊದಲು ಕಾಗದ ಓದುವುದು ಕ್ಷೇಮ. ಕಾಗದವೆಂದರೆ ಫರ್ಮ್‌ವೇರ್ ಬರೆದಿಟ್ಟ ಪಟ್ಟಿಗಳು. ಕರ್ನೆಲ್ಲಿಗಿಂತ ಮುಂಚೆ ಎದ್ದು, ಯಂತ್ರವನ್ನು ಅಣಿಮಾಡಿ, ಅಧಿಕಾರ ವಹಿಸಿಕೊಟ್ಟು ಹಿಂದೆ ಸರಿಯುವ ಕಾರ್ಯಕ್ರಮವೇ ಫರ್ಮ್‌ವೇರ್. ಹೋಗುವಾಗ ಅದು ಮನೆಯ ಸಾಮಾನುಗಳ ಪಟ್ಟಿಯನ್ನು ಸ್ಮೃತಿಯಲ್ಲಿ ಬಿಟ್ಟುಹೋಗುತ್ತದೆ. ಈ ಪಟ್ಟಿಗಳಿಗೆ ೧೯೯೬ರಲ್ಲಿ ಗೊತ್ತುಮಾಡಿದ ಒಂದು ಕ್ರಮವುಂಟು. ಅದನ್ನು ಎಸಿಪಿಐ ಎನ್ನುತ್ತಾರೆ. ಪ್ರತಿ ಪಟ್ಟಿಯ ತಲೆಯಲ್ಲಿ ನಾಲ್ಕಕ್ಷರದ ಹೆಸರು, ಅನಂತರ ಉದ್ದ, ಆಮೇಲೆ ಲೆಕ್ಕದ ತಾಳೆಗಾಗಿ ಒಂದು ಅಂಕೆ. ಪಟ್ಟಿಯ ಎಲ್ಲ ಬೈಟುಗಳನ್ನೂ ಕೂಡಿ ೨೫೬ರಿಂದ ಭಾಗಿಸಿದರೆ ಶೇಷ ಸೊನ್ನೆಯೇ ಬರಬೇಕು. ಬರದಿದ್ದರೆ ಪಟ್ಟಿ ಕೆಟ್ಟಿದೆಯೆಂದರ್ಥ. ಅಂಗಡಿಯ ಲೆಕ್ಕ ಬರೆಯುವವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಈ ಪಟ್ಟಿಗಳಲ್ಲಿ ಎಫ್‌ಎಡಿಟಿ ಎಂಬುದೊಂದು. (ಕರೆಯುವುದು ಹಾಗೆ, ಅದರ ತಲೆಯಲ್ಲಿ ಬರೆದಿರುವುದು ಮಾತ್ರ ಎಫ್‌ಎಸಿಪಿ ಎಂದು! ಹಳೆಯ ಹೆಸರು ದಾಖಲೆಯಲ್ಲಿ ಉಳಿದುಬಂದಿದೆ.) ೨೦೧೫ರಲ್ಲಿ ಎಸಿಪಿಐ ಕ್ರಮದ ಆರನೆಯ ಆವೃತ್ತಿ ಬಂದಾಗ ಈ ಪಟ್ಟಿಯ ಕೊನೆಗೆ, ೨೬೮ ಬೈಟುಗಳಾದ ಮೇಲೆ, ಎಂಟು ಬೈಟುಗಳ ಜಾಗವೊಂದನ್ನು ಸೇರಿಸಿದರು. ಹೈಪರ್‌ವೈಸರ್ ತನ್ನ ಹೆಸರನ್ನು ಅಲ್ಲಿ ಬರೆಯಬೇಕು. ಹೆಸರು ಮಾತ್ರ, ಆವೃತ್ತಿಯ ಸಂಖ್ಯೆ ಸಲ್ಲದು. ಯಜಮಾನನಿಲ್ಲದ ನಿಜಯಂತ್ರದಲ್ಲಿ ಅಲ್ಲಿ ಬರೀ ಸೊನ್ನೆಗಳಿರಬೇಕು.

ಒಂದು ನಿಜವಾದ ಉದಾಹರಣೆಯನ್ನೇ ನೋಡಿ. ಮೈಕ್ರೋಸಾಫ್ಟ್ ಕಂಪನಿಯ ಹೈಪರ್-ವಿ ಎಂಬ ಹೈಪರ್‌ವೈಸರಿನ ಕೆಳಗೆ ಆರ್ಮ್ ಪ್ರೊಸೆಸರಿನಲ್ಲಿ ಬೂಟ್ ಆಗುವುದನ್ನು ಲಿನಕ್ಸ್ ಕರ್ನೆಲ್ ೨೦೨೧ರಲ್ಲಿ, ತನ್ನ ೫.೧೫ನೆಯ ಆವೃತ್ತಿಯಲ್ಲಿ, ಕಲಿತಿತು. ಆಗ ಅದು ಅನುಸರಿಸಿದ ರೀತಿ ಬಹಳ ಸರಳ. ಎಸಿಪಿಐ ಪಟ್ಟಿಗಳು ಇವೆಯೇ ಎಂದು ನೋಡುವುದು. ಇದ್ದರೆ ಆ ಎಂಟು ಬೈಟುಗಳಲ್ಲಿ 'ಎಂಎಸ್‌ಹೈಪರ್‌ವಿ' ಎಂಬ ಎಂಟು ಇಂಗ್ಲಿಷ್ ಅಕ್ಷರಗಳಿವೆಯೇ ಎಂದು ತಾಳೆನೋಡುವುದು. ಇಲ್ಲವಾದರೆ ಸದ್ದಿಲ್ಲದೆ ಮುಂದಕ್ಕೆ ನಡೆಯುವುದು. ಇದ್ದರೆ ಮಾತ್ರ ಆ ಅಪಾಯದ ಆಜ್ಞೆಯನ್ನು ಧೈರ್ಯವಾಗಿ ಬಳಸಿ, ತಾನು ಲಿನಕ್ಸೆಂದು ಯಜಮಾನನಿಗೆ ಪರಿಚಯ ಹೇಳಿಕೊಳ್ಳುವುದು. ಹಳೆಯ ಫರ್ಮ್‌ವೇರಿನ ಪಟ್ಟಿ ಗಿಡ್ಡವಾಗಿದ್ದು ಆ ಜಾಗವೇ ಇಲ್ಲದಿದ್ದರೆ, ಕರ್ನೆಲ್ ಅದನ್ನು ಸೊನ್ನೆಯೆಂದೇ ಎಣಿಸುತ್ತದೆ. ಇಂಟೆಲ್ ಜಾತಿಯ ಯಂತ್ರಗಳಲ್ಲಿ ಇಷ್ಟು ಸುತ್ತಾಟವಿಲ್ಲ. ಅಲ್ಲಿ ಪ್ರೊಸೆಸರಿನ ಗುರುತನ್ನು ಕೇಳುವ ಆಜ್ಞೆಗೆ ಬರುವ ಉತ್ತರದಲ್ಲಿಯೇ ಇದಕ್ಕೆಂದು ಒಂದು ಬಿಟ್ ಮೀಸಲಾಗಿದೆ. ಕೇಳಿದರೆ ಯಾರಿಗೂ ನೋವಿಲ್ಲ.

ಇಷ್ಟು ಕೇಳಿದ ಮೇಲೆ ನಿಮಗೊಂದು ಅನುಮಾನ ಹುಟ್ಟಿರಬೇಕು. ಬಾಡಿಗೆಯ ಪಾಲಿನಲ್ಲಿ ಫರ್ಮ್‌ವೇರೂ ಯಜಮಾನನು ಕೊಟ್ಟದ್ದೇ, ಪಟ್ಟಿಯೂ ಅವನ ಕಡೆಯದೇ. ಅವನು ಬೇಕೆಂದೇ ಸೊನ್ನೆ ಬರೆದಿಟ್ಟರೆ? ಅನುಮಾನ ನ್ಯಾಯವಾದದ್ದೇ. ತನ್ನನ್ನು ಮರೆಮಾಡಿಕೊಳ್ಳಬೇಕೆಂದಿರುವ ಯಜಮಾನನನ್ನು ಈ ಪಟ್ಟಿ ಹಿಡಿದುಕೊಡದು. ಇದರ ಲಾಭ ಪಡೆಯುವವರೂ ಉಂಟು. ಕಂಪ್ಯೂಟರುಗಳಿಗೆ ಕೇಡು ಮಾಡುವ ಕೆಲವು ಕಾರ್ಯಕ್ರಮಗಳು ಇಂಥ ಹೆಸರುಗಳನ್ನು ಹುಡುಕಿ, ತಾವು ಪರೀಕ್ಷಕರ ಕೈಗೆ ಸಿಕ್ಕಿರಬಹುದೆಂದು ಊಹಿಸಿ ಸಾಧುಗಳಂತೆ ಸುಮ್ಮನಿದ್ದುಬಿಡುತ್ತವೆ. ಪರೀಕ್ಷಕರು ಅದಕ್ಕೆ ಪ್ರತಿಯಾಗಿ ಹೆಸರುಗಳನ್ನು ಅಳಿಸಿಡುತ್ತಾರೆ. ಆ ಎಂಟು ಅಕ್ಷರಗಳನ್ನು ಕರ್ನೆಲ್ ನಂಬುವುದು ಅನುಕೂಲಕ್ಕಾಗಿ, ರಕ್ಷಣೆಗಾಗಿ ಅಲ್ಲ. ಯಜಮಾನನನ್ನೇ ನಂಬದವರಿಗೆ ಬೇರೆ ಏರ್ಪಾಡು ಬೇಕು. ಪಾಲಿನ ಸ್ಮೃತಿಯನ್ನು ಗುಪ್ತಲಿಪಿಯಲ್ಲಿಟ್ಟು, ಪ್ರೊಸೆಸರಿನಿಂದಲೇ ರುಜು ಹಾಕಿದ ಪ್ರಮಾಣಪತ್ರ ಪಡೆಯುವ ವಿಧಾನವನ್ನು ಇಂಟೆಲ್, ಎಎಂಡಿ ಕಂಪನಿಗಳು ಹೊರತಂದಿವೆ.

ನಿಮ್ಮ ಮನೆಯಲ್ಲಿ ಓದುವ ಹುಡುಗರ ಬಳಿ ಇಂಟೆಲ್ ಜಾತಿಯ ಲಿನಕ್ಸ್ ಕಂಪ್ಯೂಟರಿದ್ದರೆ, ಕರ್ನೆಲ್ ಬೂಟ್ ಆಗುವಾಗ ಬರೆದಿಟ್ಟ ದಿನಚರಿಯನ್ನು ತೆಗೆದು ತೋರಿಸಲು ಹೇಳಿ. ಬಾಡಿಗೆಯ ಪಾಲಿನಲ್ಲಿ ಎಚ್ಚರಗೊಂಡಿದ್ದರೆ, ಮೊದಲ ಕೆಲವು ಸಾಲುಗಳಲ್ಲಿಯೇ 'ಹೈಪರ್‌ವೈಸರ್ ಡಿಟೆಕ್ಟೆಡ್' ಎಂದು ಬರೆದು, ಮುಂದೆ ಯಜಮಾನನ ಹೆಸರು ಕೊಟ್ಟಿರುತ್ತದೆ. ಸ್ವಂತ ಯಂತ್ರವಾಗಿದ್ದರೆ ಆ ಸಾಲೇ ಇರುವುದಿಲ್ಲ.